ದೊಡ್ಡ ಟೈರಿನಡಿಯ ನಿಂಬೆಹಣ್ಣು

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ವ್ಯಾನನ್ನು ನೆಲದಿಂದ ಇನ್ನಷ್ಟು ಎತ್ತರಿಸಿದ್ದೇ ಸಾಲದೆಂದು, ಗದಗಿನಿಂದ ಬಂದು ಅಮೆರಿಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ನೆಲೆಸಿದ್ದ ಶಿವಯೋಗಿ ಅದಕ್ಕೆ ದೊಡ್ಡ ಟೈರನ್ನೂ ಹಾಕಿಸಿದ. ಕಲ್ಲುದಾರಿಯಲ್ಲಿ ತಿರುಗಾಡೋಣವೆಂದು ಹೆಂಡತಿ ನೀಲಾಂಬಿಕಾ ಇದ್ದಾಗ ಆರ್ಡರ್ ಮಾಡಿದ್ದ ಟೈರುಗಳು, ಅವಳು ತೀರಿಕೊಂಡ ಮೇಲೆ ಬಂದವು. ಬೇಡವೆನ್ನಲೂ ಮನಸ್ಸಾಗಲಿಲ್ಲ, ಬೇಕೆನ್ನಲೂ ಇಲ್ಲ.

ಮನೆಗೆ ತಂದು, ರೂಢಿಯಂತೆ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಗಾಡಿ ಮುಂದೆ ಬಿಟ್ಟ. ಹಳೇ ಟೈರಿನಲ್ಲಿ ಹಣ್ಣು ಒಡೆದದ್ದು ಕೂತಲ್ಲಿಗೇ ತಿಳಿಯುತ್ತಿತ್ತು. ಈಗ ಏನೂ ತಿಳಿಯಲಿಲ್ಲ. ಹಿಂದೆಲ್ಲ ನೀಲಾಂಬಿಕಾ ಹೊರಗೆ ನಿಂತು ಬಗ್ಗಿ ನೋಡಿ, "ಒಡದಾವ್ರೀ!" ಎಂದು ಕೂಗುತ್ತಿದ್ದಳು. ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ ಇಳಿದು ಬಗ್ಗಿ ನೋಡಿದ. ನಾಲ್ಕೂ ಅಪ್ಪಚ್ಚಿಯಾಗಿದ್ದವು.

"ಒಡದಾವ್ರೀ," ಎಂದ, ಯಾರೂ ಇಲ್ಲದ ಡ್ರೈವರ್ ಸೀಟಿಗೆ.