ನುಸಿಮರಿ ಸಾಕಿದ ಪೂವಪ್ಪ

ಕಾಲೇಜಿನ ಸಭಾಭವನದ ಬೀಗದ ಕೈ ಹದಿನಾಲ್ಕು ವರ್ಷ ಪೂವಪ್ಪನ ಸೊಂಟದಲ್ಲಿತ್ತು. ಬಿಕರ್ನಕಟ್ಟೆಯ ಗದ್ದೆ ಬಿಟ್ಟು, ಬಿಜೈ ದಾರಿಯ ಆ ಕಾಲೇಜಿಗೆ ಜವಾನನಾಗಿ ಬಂದಾಗ ಅವನಿಗೆ ತುಳು ಬಿಟ್ಟರೆ ಬೇರೆ ಭಾಷೆ ಇರಲಿಲ್ಲ. ಕನ್ನಡ ಕಲಿತದ್ದು ಸಭಾಭವನದಲ್ಲಿ, ಆರೋಗ್ಯದ ಉಪನ್ಯಾಸಗಳಿಂದ. ಹಾಗಾಗಿ ಅವನ ಕನ್ನಡದಲ್ಲಿ ನೆಂಟರಿಷ್ಟರಿಗಿಂತ ರೋಗಗಳೇ ಹೆಚ್ಚು.

ವರ್ಷಕ್ಕೆ ನಾಲ್ಕು ಉಪನ್ಯಾಸ. ಪ್ಲೇಗು, ಕಾಲರಾ, ಕೊಕ್ಕೆಹುಳ, ಮಲೇರಿಯಾ. ವಿಶ್ವವಿದ್ಯಾಲಯದವರು ಜನಸಾಮಾನ್ಯರ ತಿಳಿವಳಿಕೆಗೆಂದು ಏರ್ಪಡಿಸುತ್ತಿದ್ದ ಈ ಉಪನ್ಯಾಸಗಳು ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಕೊನೆಗೆ ಕಾರ್ಯದರ್ಶಿ ಮಾರ್ಸೆಲಿನ್ ಮಾಸ್ತರರು, ಊರವರ ಬಾಯಲ್ಲಿ ಮಾರ್ಸೆಲಿನ್ ಪೊರ್ಬುಗಳು, ಹತ್ತು ನಿಮಿಷ ಕನ್ನಡದಲ್ಲಿ ಸಾರಾಂಶ ಹೇಳುವರು. ಅಷ್ಟರಲ್ಲಿ ಸಭಿಕರು ಹಿಂದಿನ ಜಗಲಿಯ ಕಾಫಿಗೆ ಎದ್ದಿರುತ್ತಿದ್ದರು. ಸಾರಾಂಶವನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವನು ಬೆಂಚು ಸರಿಮಾಡಲು ಉಳಿದ ಪೂವಪ್ಪ ಒಬ್ಬನೇ. ಜನಸಾಮಾನ್ಯರು ಎಂದರೆ ತಾನು ಎಂದು ಅವನು ನಿಧಾನವಾಗಿ ಅರ್ಥಮಾಡಿಕೊಂಡ.

ಮನೆಯೊಳಗೆ ಗಾಳಿಯಾಡಬೇಕೆಂಬ ಉಪನ್ಯಾಸವೂ ಒಮ್ಮೆ ನಡೆದಿತ್ತು. ಪರದೆಯ ಮೇಲೆ ಲ್ಯಾಂಟರ್ನಿನ ಚಿತ್ರ ಚೆನ್ನಾಗಿ ಬೀಳಲೆಂದು ಅಂದು ಹದಿನಾರು ಕಿಟಕಿಗಳನ್ನೂ ಮುಚ್ಚಿಸಿದ್ದರು. ಎರಡನೇ ಸಾಲಿನ ವಕೀಲರೊಬ್ಬರು ಸೆಕೆಗೆ ತಲೆತಿರುಗಿ ಬಿದ್ದರು. ಉಪನ್ಯಾಸಕರು ಅವರನ್ನೇ ಉದಾಹರಣೆಯಾಗಿ ತೋರಿಸಿ ಮಾತು ಮುಂದುವರಿಸಿದರು.

ಮಲೇರಿಯಾದ ಉಪನ್ಯಾಸ ಡಾಕ್ಟರ್ ಜಯಪಾಲರದ್ದು. ಒಳ್ಳೆಯ ಧ್ವನಿ, ಒಳ್ಳೆಯ ಕೋಟು. ಒಂದು ವರ್ಷ ಕಲೆಕ್ಟರ ಹೆಂಡತಿ ಚಿತ್ರ ನೋಡುತ್ತ ಆಕಳಿಸಿದರು. ಆ ಆಕಳಿಕೆ ಡಾಕ್ಟರರ ಮನಸ್ಸಿಗೆ ನಾಟಿತು. ಮುಂದಿನ ವರ್ಷದಿಂದ ಮೇಜಿನ ಮೇಲೆ ಜೀವಂತ ನುಸಿಮರಿ, ಅಂದರೆ ಸೊಳ್ಳೆಯ ಮರಿ, ಬೇಕು ಎಂದು ಬರೆದರು. ಸಮಿತಿ ಸೇರಿ ಠರಾವು ಮಾಡಿತು. ಠರಾವು ಇಳಿಯುತ್ತ ಇಳಿಯುತ್ತ ಪೂವಪ್ಪನ ಹತ್ತಿರ ಬಂದು ನಿಂತಿತು.

ಅವನು ಬಂದರಿನ ಒಂದು ಗೋದಾಮಿನ ತೊಟ್ಟಿಯಿಂದ ಮರಿಗಳನ್ನು ತಂಬಿಗೆಯಲ್ಲಿ ತಂದು, ಭವನದ ಹಿಂದಿನ ಮಾಡಿನಡಿ ಮೂರು ಮಣ್ಣಿನ ಬಾನಿಗಳಲ್ಲಿ ಬಿಟ್ಟ. ಮಾರ್ಸೆಲಿನ್ ಪೊರ್ಬುಗಳು ಕಾಗದದಲ್ಲಿ ಮೂರು ನಿಯಮ ಬರೆದು ಗೋಡೆಗೆ ಅಂಟಿಸಿ, ಓದಿಯೂ ಹೇಳಿದರು. ನೀರು ಚೆಲ್ಲಬಾರದು. ಮುಚ್ಚಳ ಹಾಕಬಾರದು. ಮೀನು ಬಿಡಬಾರದು. ಹೀಗೆ ಊರಿನಿಂದ ನುಸಿ ಓಡಿಸಲು ಪಣತೊಟ್ಟ ಸಮಿತಿ ನುಸಿ ಸಾಕತೊಡಗಿತು.

ಪೂವಪ್ಪ ಕೆಲಸಕ್ಕೆ ಮೋಸ ಮಾಡುವವನಲ್ಲ. ಬಿಸಿಲು ತಾಗದಂತೆ ಗೋಣಿ ಕಟ್ಟಿದ. ನೀರು ತಿಳಿಯಾಗಿರಬೇಕೆಂದು ಬಿದ್ದ ಎಲೆಗಳನ್ನು ದಿನಾ ಹೆಕ್ಕಿದ. ಮರಿಗಳು ನೀರಿನ ಮೇಲ್ಮೈಗೆ ಬಂದು ಅಡ್ಡಡ್ಡ ಮಲಗಿ ಉಸಿರಾಡುವುದನ್ನು ಕೂತು ನೋಡುತ್ತಿದ್ದ. ಬಾನಿಯೊಳಗೆ ಆಕಾಶದ ಒಂದು ತುಂಡು, ಅದರ ಮೇಲೆ ಹೊಲಿಗೆಯ ಹಾಗೆ ಸಣ್ಣ ಸಣ್ಣ ಗೀಟು. ನೋಡಲಿಕ್ಕೆ ಚಂದವೇ ಇತ್ತು.

ಆ ಮಾಡಿಗೆ ತಾಗಿದ ಒಂದೇ ಕೋಣೆಯಲ್ಲಿ ಅವನ ಸಂಸಾರ. ಸಂಸಾರ ಎಂದರೆ ಅವನು ಮತ್ತು ಹೆಂಡತಿ ದೇಯಿ. ದೇಯಿ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುವವಳು. ತಲೆಯ ಮೇಲೆ ಹೆಂಚಿನ ಸಾಲು ಹೊತ್ತುಕೊಂಡೇ ಜೊತೆಯವರನ್ನು ನಗಿಸಬಲ್ಲವಳು. ಗಂಡನ ಹೊಸ ಉದ್ಯೋಗ ನೋಡಿ, ಎಲ್ಲರೂ ದನ ಸಾಕುತ್ತಾರೆ, ನಮ್ಮವರು ಹಾಲು ಕೊಡದ್ದನ್ನು ಸಾಕುತ್ತಾರೆ ಎಂದು ಕಾರ್ಖಾನೆಯಲ್ಲೆಲ್ಲ ಹೇಳಿ ಬಂದಳು.

ಮೊದಲ ನಾಲ್ಕು ವರ್ಷ ಉಪನ್ಯಾಸ ಹೇಳಿದ ದಿನ ನಡೆದು, ಮರಿಗಳಿಗೆ ರೆಕ್ಕೆ ಬರುವ ಮೊದಲೇ ಬಾನಿ ಖಾಲಿಯಾಗುತ್ತಿತ್ತು. ಮೂವತ್ತಾರನೇ ಇಸವಿಯಲ್ಲಿ ಹಾಗಾಗಲಿಲ್ಲ. ಮೊದಲು ಕಲೆಕ್ಟರಿಗೆ ಸರ್ಕೀಟಿನ ಪ್ರವಾಸ ಬಂತು, ಉಪನ್ಯಾಸ ಮುಂದೆ ಹೋಯಿತು. ಆಮೇಲೆ ಅಧ್ಯಕ್ಷರ ಮಗಳ ಮದುವೆ. ಆಮೇಲೆ ಡಾಕ್ಟರರಿಗೆ ರೈಲು ತಪ್ಪಿತು. ಉಪನ್ಯಾಸ ಮುಂದೆ ಹೋಗಬಹುದು. ಮರಿಗಳಿಗೆ ಠರಾವು ಓದಲು ಬರುವುದಿಲ್ಲ. ಅವು ಹತ್ತು ದಿನಕ್ಕೆ ರೆಕ್ಕೆ ಕಟ್ಟಿಕೊಂಡು ಹಾರಿದವು. ಬಹಳ ದೂರವೇನೂ ಹೋಗಲಿಲ್ಲ. ಹತ್ತಿರದ ಕೋಣೆಗೆ ಹೋಗಿ ಉಂಡು, ತಿರುಗಿ ಬಂದು ಅದೇ ಬಾನಿಗಳಲ್ಲಿ ಮೊಟ್ಟೆಯಿಟ್ಟವು. ಗೋದಾಮಿಗೆ ಹೋಗಿ ಮರಿ ತರುವ ಕೆಲಸವೂ ಪೂವಪ್ಪನಿಗೆ ತಪ್ಪಿತು.

ದೇಯಿಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ, ಹನ್ನೊಂದು ಗಂಟೆಗೆ ಸರಿಯಾಗಿ. ಸಮಿತಿಯವರಲ್ಲಿ ಇಲ್ಲದ ಸಮಯಪ್ರಜ್ಞೆ ಜ್ವರಕ್ಕಿತ್ತು. ಕ್ವಿನೈನ್ ತೆಗೆದುಕೊಂಡಾಗ ಬಿಟ್ಟಿತು. ಇಪ್ಪತ್ತು ದಿನವಾಗುವಷ್ಟರಲ್ಲಿ ಮತ್ತೆ ಬಂತು, ಮತ್ತೆ ಬಿಟ್ಟಿತು, ಮೂರನೇ ಸಲವೂ ಬಂತು. ಧರ್ಮಾಸ್ಪತ್ರೆಯಲ್ಲಿ ಅವಳ ಹೊಟ್ಟೆ ಒತ್ತಿ ನೋಡಿದವರು ಪೂವಪ್ಪನನ್ನು ಹೊರಗೆ ಕರೆದು, ಇನ್ನೊಂದು ಸಲ ಬಂದರೆ ಉಳಿಯುವುದು ಕಷ್ಟ ಎಂದರು. ಮನೆಗೆ ಬರುವ ದಾರಿಯಲ್ಲಿ ದೇಯಿ ಎರಡು ಕಡೆ ಕೂತಳು. ಎರಡನೇ ಸಲ ಕೂತಾಗ ನಗಿಸಲು ನೋಡಿದಳು. ಮಾತು ಅರ್ಧಕ್ಕೆ ನಿಂತಿತು.

ಪೂವಪ್ಪ ಮಾರ್ಸೆಲಿನ್ ಪೊರ್ಬುಗಳ ಎದುರು ಹೋಗಿ ನಿಂತ.

“ಪೊರ್ಬುಗಳೇ, ಆ ಬಾನಿಗಳನ್ನು ಬೇರೆ ಕಡೆ ಇಡ್ಬಹುದಾ? ಹೆಂಡತಿಗೆ ಮೂರನೇ ಸಲ ಜ್ವರ.”

“ಎಲ್ಲಿ ಇಡುವುದು ಮಾರಾಯ? ಹಾಸ್ಟೆಲಿನ ಹತ್ತಿರ ಇಟ್ಟರೆ ಮಕ್ಕಳಿಗೆ ಮಲೇರಿಯಾ ಬರ್ತದೆ.”

ತಾವು ಹೇಳಿದ್ದು ತಮಗೇ ಕೇಳಿಸಿತೋ ಏನೋ, ಪೊರ್ಬುಗಳು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕೆಟ್ಟವರಲ್ಲ, ಕಾರ್ಯದರ್ಶಿ, ಅಷ್ಟೇ. ಈ ಸಲ ಕಲೆಕ್ಟರು ಬರುವುದು ನಿಶ್ಚಯ, ಇನ್ನು ಹನ್ನೆರಡೇ ದಿನ, ಅಂದು ಬಾನಿಯಲ್ಲಿ ಮರಿ ಕಾಣದಿದ್ದರೆ ಸಮಿತಿ ಅವನ ಕೈಯಿಂದ ಬೀಗದ ಕೈ ತೆಗೆದುಕೊಳ್ಳುತ್ತದೆ, ತಾವೇನೂ ಮಾಡುವಂತಿಲ್ಲ ಎಂದು ತಿಳಿಸಿದರು.

ಮರುದಿನ ಪೂವಪ್ಪ ಬಂದರಿಗೆ ನಡೆದ. ಸೀಮೆಎಣ್ಣೆ ವ್ಯಾಪಾರದ ಅಹ್ಮದ್ ಬಾವ ಪೀಪಾಯಿಗಳ ನಡುವೆ ಕೂತಿದ್ದರು.

“ಒಂದು ಕುಪ್ಪಿ ಚಿಮಿಣಿ ಎಣ್ಣೆ, ಬಾವ. ಮೂರು ಬಾನಿಗೆ.”

“ಬಾನಿಯಲ್ಲಿ ದೀಪ ಹಚ್ತೀಯಾ ಎಂತ?”

“ದೀಪಕ್ಕಲ್ಲ. ಕಾಲೇಜಿನಲ್ಲಿ ಉಪನ್ಯಾಸ ಉಂಟು.”

“ಉಪನ್ಯಾಸಕ್ಕೆ ಚಿಮಿಣಿ ಎಣ್ಣೆಯಾ? ಒಳ್ಳೆದು, ಬೇಗ ಮುಗೀತದೆ,” ಎಂದು ಬಾವ ಅಳೆದು ಕೊಟ್ಟರು.

ಬಾನಿಗಳ ಮುಂದೆ ಕೂತು ಪೂವಪ್ಪ ಗೋಡೆಯ ಕಾಗದವನ್ನು ನೆನಪಿಸಿಕೊಂಡ. ನೀರು ಚೆಲ್ಲಲಿಲ್ಲ. ಮುಚ್ಚಳ ಹಾಕಲಿಲ್ಲ. ಮೀನು ಬಿಡಲಿಲ್ಲ. ವರ್ಷ ವರ್ಷವೂ ಕೇಳಿದ ಸಾರಾಂಶದಲ್ಲಿ ಇದ್ದದ್ದನ್ನು ಮಾತ್ರ ಮಾಡಿದ: ಬಾನಿಗೆ ಒಂದು ಚಮಚ. ಎಣ್ಣೆ ನೀರಿನ ಮೇಲೆ ನವಿಲುಬಣ್ಣದಲ್ಲಿ ಹರಡಿತು. ಗೀಟುಗಳು ಒಂದೊಂದಾಗಿ ಮೇಲೆ ಬಂದವು, ಹೊರಳಿದವು, ಕೆಳಗೆ ಹೋದವು. ತಾನೇ ಸಾಕಿದ್ದಲ್ಲವೇ, ಅವನು ಪೂರ್ತಿ ನೋಡಲಿಲ್ಲ.

ಮೂರು ದಿನಕ್ಕೊಮ್ಮೆ ಎಣ್ಣೆ ಹಾಕಿದ. ಕೋಣೆಯೊಳಗೆ ಸಾಂಬ್ರಾಣಿ ಹೊಗೆ ಹಾಕಿ ಉಳಿದವನ್ನು ಓಡಿಸಿದ. ಹನ್ನೆರಡನೇ ದಿನ, ಬಟ್ಟೆ ಮುಚ್ಚಿದ ಬಾನಿಯೊಂದನ್ನು ಹೊತ್ತು ತಂದು ವೇದಿಕೆಯ ಮೇಜಿನ ಮೇಲೆ ಇಟ್ಟ.

ಡಾಕ್ಟರ್ ಜಯಪಾಲರು ಮುಕ್ಕಾಲು ಗಂಟೆ ಮಾತಾಡಿದ ಮೇಲೆ, ಮದುವೆಯ ಹೆಣ್ಣಿನ ಮುಸುಕು ತೆಗೆಯುವಂತೆ ಬಟ್ಟೆ ಎತ್ತಿದರು. ಕಲೆಕ್ಟರು ಮುಂದಕ್ಕೆ ಬಾಗಿದರು. ಅವರ ಹೆಂಡತಿ ಮೂಗಿಗೆ ಕರವಸ್ತ್ರ ಹಿಡಿದರು. ಡಾಕ್ಟರರು ಗಾಜಿನ ಲೋಟ ಅದ್ದಿ ಬೆಳಕಿಗೆ ಹಿಡಿದು ನೋಡಿದರು. ಬಾಗಿಲ ಬಳಿ ನಿಂತಿದ್ದ ಪೂವಪ್ಪನನ್ನು ನೋಡಿದರು. ಆ ಸಂಜೆ ಸಭೆಯೆದುರು ಮೊದಲ ಸಲ ಕನ್ನಡ ಕೇಳಿಸಿತು.

“ಇದಕ್ಕೆ ಎಂತ ಹಾಕಿದ್ದು?”

“ಚಿಮಿಣಿ ಎಣ್ಣೆ, ಡಾಕ್ಟ್ರೇ. ಬಾನಿಗೆ ಒಂದು ಚಮಚ.”

“ಹಾಕಲಿಕ್ಕೆ ಯಾರು ಹೇಳಿದ್ರು ನಿನಗೆ?”

“ನೀವೇ. ಹೋದ ವರ್ಷ ಹೇಳಿದ್ರಿ, ಅದರ ಹಿಂದಿನ ವರ್ಷವೂ ಹೇಳಿದ್ರಿ. ಮನೆಯ ಹತ್ತಿರ ನುಸಿಮರಿ ಕಂಡರೆ ಕೂಡಲೇ ಹಾಕಬೇಕು, ನಾಳೆಗೆ ಬಿಡಬಾರದು ಅಂತ. ನನ್ನ ಮನೆ ಅಲ್ಲೇ ಉಂಟಲ್ಲ.”

ಮಾರ್ಸೆಲಿನ್ ಪೊರ್ಬುಗಳು ಮಾಡಿನ ಹೆಂಚುಗಳನ್ನು ಪರೀಕ್ಷಿಸುತ್ತಿದ್ದರು. ಕಲೆಕ್ಟರು ಏನೆಂದು ಕೇಳಿದರು. ಡಾಕ್ಟರರು ಕೋಟಿನ ಗುಂಡಿ ಹಾಕಿಕೊಂಡು, ಎಣ್ಣೆಯ ಪರಿಣಾಮವನ್ನು ಸಭೆಗೆ ಪ್ರತ್ಯಕ್ಷ ತೋರಿಸಲೆಂದೇ ಈ ಏರ್ಪಾಡು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಬಹಳ ಹೊತ್ತು ಚಪ್ಪಾಳೆ ಬಿತ್ತು. ಜನರು ಉಪನ್ಯಾಸವನ್ನು ಆಚರಣೆಗೆ ತರುತ್ತಿದ್ದಾರೆ ಎಂಬ ವಾಕ್ಯ ಆ ವರ್ಷದ ವರದಿಯಲ್ಲಿ ಸೇರಿತು.

ಜನರನ್ನು ಮರುದಿನ ಕೆಲಸದಿಂದ ತೆಗೆದರು. ಕಾಲೇಜಿನ ಸೊತ್ತಿಗೆ ಹಾನಿ ಮಾಡಿದ ಎಂಬುದು ಕಾರಣ. ಪೂವಪ್ಪ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಚಾಪೆ ಪಾತ್ರೆ ಕಟ್ಟಿ, ದೇಯಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಬಂದರಿಗೆ ಹೋದ. ಅಹ್ಮದ್ ಬಾವ ಪೀಪಾಯಿ ಕಾಯುವ ಕೆಲಸ ಕೊಟ್ಟರು, ಗೋದಾಮಿನ ಹಿಂದೆ ಒಂದು ಕೋಣೆಯನ್ನೂ ಕೊಟ್ಟರು. ಕೋಣೆಗೆ ಚಿಮಿಣಿ ಎಣ್ಣೆಯ ವಾಸನೆ. ಅನ್ನಕ್ಕೂ ಅದೇ ವಾಸನೆ ಎಂದು ದೇಯಿ ಮುಖ ಸಿಂಡರಿಸಿದಳು.

ಕ್ವಿನೈನ್ ಮುಗಿದು ಇಪ್ಪತ್ತು ದಿನ ಆಯಿತು. ದಿನಾ ಹನ್ನೊಂದು ಗಂಟೆಗೆ ಪೂವಪ್ಪ ಏನಾದರೂ ನೆವ ಮಾಡಿ ಕೋಣೆಗೆ ಬಂದು, ಮೂಲೆಯಲ್ಲಿ ಮಡಚಿಟ್ಟ ಕಂಬಳಿಯನ್ನು ನೋಡಿ ಹೋಗುತ್ತಿದ್ದ. ಮೂವತ್ತು ದಿನ. ನಲವತ್ತು ದಿನ. ಒಂದು ಬೆಳಿಗ್ಗೆ ದೇಯಿ ಆ ಕಂಬಳಿಯನ್ನು ಒಗೆದು ಹೊಳೆಬದಿಯ ಬಿಸಿಲಿಗೆ ಹಾಕಿದಳು. ಮುಂದಿನ ವಾರ ಹೆಂಚು ಹೊರಲು ಹೋದಳು.

ಮರುವರ್ಷ ಉಪನ್ಯಾಸದ ದಿನಗಳಲ್ಲಿ ಮಾರ್ಸೆಲಿನ್ ಪೊರ್ಬುಗಳು ಕೊಡೆ ಹಿಡಿದು ಗೋದಾಮಿಗೆ ಬಂದರು. ಹೊಸ ಜವಾನನಿಗೆ ಮರಿ ಸಿಗುತ್ತಿಲ್ಲ, ಮೊದಲ ಸಲ ನೀನು ತಂದದ್ದು ಈ ಬಂದರಿನಿಂದಲೇ ಅಲ್ಲವೇ, ಆ ತೊಟ್ಟಿ ಯಾವುದು ಎಂದು ಕೇಳಿದರು.

ಪೂವಪ್ಪ ಅವರಿಗೆ ಕೂರಲು ಪೆಟ್ಟಿಗೆಯೊಂದನ್ನು ಒರೆಸಿಕೊಟ್ಟ.

“ತೊಟ್ಟಿ ಉಂಟು ಪೊರ್ಬುಗಳೇ, ಇದೇ ಗೋದಾಮಿನ ಹಿಂದೆ. ಆದರೆ ಮರಿ ಇಲ್ಲ. ವಾರಕ್ಕೊಮ್ಮೆ ನಾನೇ ಎಣ್ಣೆ ಹಾಕ್ತೇನೆ.”

ಒಳಗೆ ದೇಯಿ ನಗುವುದು ಕೇಳಿಸಿತು.