ಐದು ಹಿಡಿ ಅಕ್ಕಿ

ಮೊನ್ನೆ ಸೀರೆಗಳಿಗೆ ಬಿಸಿಲು ತೋರಿಸೋಣವೆಂದು ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಬರಬೇಕಿತ್ತು, ಬಂದದ್ದು ಕಾಫಿಯ ವಾಸನೆ. ತಳದಲ್ಲಿ ಕುಪ್ಪಸಕ್ಕೆಂದು ತಂದ ಒಂದು ಹಸಿರು ಖಣ, ಅದರ ಮಡಿಕೆಯೊಳಗೆ ಕಾಫಿ ಪುಡಿಯ ಪೊಟ್ಟಣ. ನಮ್ಮ ಮನೆಯಲ್ಲಿ ಕಾಫಿ ಕುಡಿಯುವವರು ಯಾರೂ ಇಲ್ಲ. ನಿಪ್ಪಾಣಿಯವರು ನಾವು, ಚಹಾದ ಮೇಲೆ ಬದುಕಿದವರು. ಆ ಪೊಟ್ಟಣ ಕೊಟ್ಟವಳು ಒಬ್ಬ ಅಡುಗೆಯಾಕೆ...

ಆಗ ಯಜಮಾನರು ತೀರಿ ವರ್ಷ ತುಂಬಿತ್ತು. ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ. ನನ್ನ ಮೊಮ್ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ತಿರುಗುವ ಹುಡುಗಿ. ಕತ್ತೆಯ ಹಾಗೆ ಹೊರುತ್ತಾಳೆ, ಅದಕ್ಕೆ ಸುಖ ಎನ್ನುತ್ತಾಳೆ. "ಆಯಿ, ಕೊಡಗಿಗೆ ಹೊಂಟೇನಿ. ನೀನೂ ಬಾ. ನಾಕ ದಿನ ಸುಮ್ನ ಕುಂತು ಬರೂಣು," ಎಂದಳು. ಸುಮ್ಮನೆ ಕೂಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಿದೆ. ಆದರೂ ಹೋದೆ. ಚೀಲದಲ್ಲಿ ಅರ್ಧ ಅವಳ ಬಟ್ಟೆ, ಅರ್ಧ ನನ್ನ ಖಡಕ್ ರೊಟ್ಟಿ.

ಕಾಫಿ ತೋಟದ ನಡುವೆ, ಊರು ನೋಡಲು ಬಂದವರು ಉಳಿಯಲೆಂದು ಕಟ್ಟಿದ ಮನೆ. ಹಣ್ಣು ಕೀಳುವ ಕಾಲ. ಅಂಗಳದ ತುಂಬ ಕೆಂಪು ಹಣ್ಣು ಹರವಿದ್ದರು, ಹುಳಿ ಹುಳಿ ನಾತ. ಮೊಮ್ಮಗಳು ಹೋದವಳೇ ಜೋಲಿಯಲ್ಲಿ ಬಿದ್ದುಕೊಂಡಳು. ನನ್ನ ಮುಂದೆ ಒಂದು ಲೋಟ ಕಾಫಿ ಬಂತು. ಒಂದು ಗುಟುಕು ಕುಡಿದು, "ಏನ ಬೇ ಇದು, ಬೇವಿನ ತಪ್ಪಲಾ ಕುದಿಸ್ಯಾರೇನ?" ಎಂದು ಮೊಮ್ಮಗಳನ್ನು ಗಟ್ಟಿಯಾಗಿಯೇ ಕೇಳಿದೆ.

ಅಡುಗೆಮನೆಯಲ್ಲಿ ಏನೋ ಬಿದ್ದ ಸಪ್ಪಳವಾಯಿತು. ಹಿಟ್ಟಿನ ಕೈಯಲ್ಲೇ ಒಬ್ಬ ಹೆಂಗಸು ಓಡಿಬಂದಳು.

"ಯಾವೂರ್ರಿ ಅಕ್ಕಾರ? ಇನ್ನೊಮ್ಮಿ ಮಾತಾಡ್ರಿ."

"ಯಾಕ, ಬೈಸ್ಕೊಳಾಕ ಅಷ್ಟ ಹೌಸ ಐತೇನ ನಿನಗ?"

"ಬೈರಿ, ಎಷ್ಟ ಬೇಕಾದ್ರೂ ಬೈರಿ. ಈ ಮಾತ ಕೇಳಿ ಮೂವತ್ತ ವರ್ಷ ಆತು."

ಅವಳು ಕಾಗವಾಡದ ಕಡೆಯ ಜುಗೂಳದವಳು, ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು. ಬೇರೆ ಜಾತಿಯ ಲಾರಿ ಡ್ರೈವರನೊಬ್ಬನ ಹಿಂದೆ ಬಂದುಬಿಟ್ಟಿದ್ದಳು. ಮಗಳು ಸತ್ತಳೆಂದು ಅವಳಪ್ಪ ಹೊಳೆಯಲ್ಲಿ ಮುಳುಗು ಹಾಕಿ ಮನೆಗೆ ಹೋದನಂತೆ. ಆಮೇಲೆ ಒಂದು ಹಬ್ಬಕ್ಕೂ ಕರೆ ಬರಲಿಲ್ಲ. ಇದನ್ನೆಲ್ಲ ಅವಳು ಅತ್ತು ಹೇಳಲಿಲ್ಲ, ತೊಗರಿಬೇಳೆ ಆರಿಸುತ್ತ ಹೇಳಿದಳು. ಗಂಡ ಒಳ್ಳೆಯವನು, ಅದೇ ತೋಟದಲ್ಲಿ ಜೀಪು ಓಡಿಸುತ್ತಿದ್ದ.

ಸುಮ್ಮನೆ ಕೂಡುವುದು ನನಗೆ ಬರಲಿಲ್ಲ. ನಲವತ್ತು ವರ್ಷ ಬೀಡಿ ಕಟ್ಟಿದ ಕೈ, ಖಾಲಿ ಇಟ್ಟರೆ ಜೋಮು ಹಿಡಿಯುತ್ತದೆ. ಮರುದಿನದಿಂದ ಅಡುಗೆಮನೆಯ ಹಿಂದಿನ ಮೆಟ್ಟಿಲೇ ನನ್ನ ಜಾಗವಾಯಿತು. ಅವಳು ಒಣಗಿದ ಕಾಫಿ ಬೀಜ ತಂದು ಸುರುವುತ್ತಿದ್ದಳು, ನಾನು ಕೆಟ್ಟದ್ದನ್ನು ಹೆಕ್ಕುತ್ತಿದ್ದೆ. "ಬೀಡಿ ಕಟ್ಟೂ ಬೆರಳ ನೋಡ್ರಿ, ಮಶೀನ ಇದ್ದಾಂಗ," ಎಂದು ನಗುತ್ತಿದ್ದಳು. ನನ್ನ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಗೋಡೆಯ ಕಡೆ ಮುಖ ಮಾಡಿ ತಿಂದಳು. ತೊಡೆಯ ಮೇಲೆ ಉದುರಿದ ಚೂರನ್ನೂ ಬಿಡದೆ ಹೆಕ್ಕಿ ಬಾಯಿಗೆ ಹಾಕಿಕೊಂಡಳು. ಖರೆ ಹೇಳುತ್ತೇನೆ, ಯಜಮಾನರು ಹೋದ ಮೇಲೆ ನನಗೆ ಕಣ್ತುಂಬ ನಿದ್ದೆ ಬಂದದ್ದು ಅಲ್ಲೇ, ಆ ಮೆಟ್ಟಿಲ ಮೇಲೆ, ಹಾಡಹಗಲಿನಲ್ಲಿ...

ನಾವು ಹೊರಡುವ ದಿನ ಬೆಳಗ್ಗೆ ಅವಳು ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಟ್ಟು ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಅರಿಸಿನದ ಕೊಂಬು.

"ಅಕ್ಕಾರ, ನನಗ ಉಡಿ ತುಂಬ್ರಿ."

ನಮ್ಮ ಕಡೆ ಮದುವೆಯಾದ ಮಗಳನ್ನು ತವರಿನಿಂದ ಉಡಿ ತುಂಬದೆ ಕಳಿಸುವುದಿಲ್ಲ. ಸೆರಗಿನಲ್ಲಿ ಐದು ಹಿಡಿ ಅಕ್ಕಿ, ಕಾಯಿ, ಒಂದು ಖಣ. ಅವಳಿಗೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ತವರಿನ ಉಡಿ ಇಲ್ಲ. "ನಮ್ಮ ಮಾತ ಆಡೋರ ನನಗ ತವರು," ಎಂದಳು. "ಖಣ ಇಲ್ಲದಿದ್ರೂ ನಡೀತೈತಿ. ಐದ ಹಿಡಿ ಅಕ್ಕಿ ಹಾಕ್ರಿ, ಸಾಕು."

ನಾನು ಕೈ ಹಿಂದೆ ಎಳೆದುಕೊಂಡೆ. ಮುತ್ತೈದೆಯ ಉಡಿಯನ್ನು ಮುತ್ತೈದೆಯೇ ತುಂಬಬೇಕು.

"ನನ್ನ ಬೋಳ ಹಣಿ ಕಾಣವಲ್ತೇನ ನಿನಗ?"

"ಕಾಣತೈತ್ರಿ. ಇಲ್ಲಿ ಯಾರ ಕೇಳವರದಾರ?"

"ದೇವರದಾನ. ನಿನ್ನ ಗಂಡಗ ಏನರ ಆದ್ರ ನಾ ಎಲ್ಲಿ ಹೋಗಲಿ? ಸೊಸಿನ್ನ ಕಳಸ್ತೇನಿ, ಆಕಿ ತುಂಬ್ತಾಳ."

ಅವಳು ಚಾಚಿದ ಸೆರಗು ಸ್ವಲ್ಪ ಹೊತ್ತು ಹಾಗೇ ಇತ್ತು... ಆಮೇಲೆ ಅದನ್ನು ಕೊಡವಿದಳು. ಅದರಲ್ಲಿ ಏನೂ ಇರಲಿಲ್ಲ, ಆದರೂ ಕೊಡವಿದಳು. ಒಳಗೆ ಹೋಗಿ ಕಾಫಿ ಪುಡಿಯ ಪೊಟ್ಟಣ ತಂದು ನನ್ನ ಕೈಗಿಟ್ಟಳು. "ಸೊಸಿ ಬರೂತನಕ ಇದನ್ನ ಕುಡೀರಿ. ಸಕ್ರಿ ಜಾಸ್ತಿ ಹಾಕ್ರಿ, ಬೇವಿನ ತಪ್ಪಲ ಅನಸೂದಿಲ್ಲ."

ಬಸ್ಸಿನಲ್ಲಿ ಮೊಮ್ಮಗಳು ಚೀಲವನ್ನು ಕಾಲಿನ ಕೆಳಗೆ ತಳ್ಳಿ ನನ್ನ ಕಡೆ ತಿರುಗಿದಳು. "ಆಯಿ, ಐದ ಹಿಡಿ ಅಕ್ಕಿ ಹಾಕಿದ್ರ ನಿಂದೇನ ಹೋಗತಿತ್ತು?" ಎಂದಳು. "ನಿನಗೇನ ತಿಳೀತೈತಿ, ಸುಮ್ನ ಕುಂದ್ರ," ಎಂದೆ. ಸುಮ್ಮನೆ ಕೂಡಲಿಕ್ಕೆಂದೇ ಅಲ್ಲವೇ ನನ್ನನ್ನು ಕರೆದುಕೊಂಡು ಹೋದದ್ದು.

ಮನೆಗೆ ಬಂದ ವಾರದಲ್ಲೇ ಪೇಟೆಗೆ ಹೋಗಿ ಅಡುಗೆಯಾಕೆಗೆಂದು ಹಸಿರು ಖಣ ತಂದೆ. ಪೊಟ್ಟಣದ ಜೊತೆಗೇ ಮಡಿಸಿಟ್ಟೆ. ಸೊಸೆಗೆ ಒಂದು ವರ್ಷ ರಜೆ ಸಿಗಲಿಲ್ಲ, ಮರುವರ್ಷ ಅವಳ ಕಾಲಿಗೆ ಪೆಟ್ಟಾಯಿತು. ಆಮೇಲೆ ನಾನೇ ಕೇಳುವುದನ್ನು ಬಿಟ್ಟೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಊರು ದೂರ, ಆ ಅಡುಗೆಯವಳೇನು ನನ್ನ ಒಡಹುಟ್ಟಿದವಳಲ್ಲ ಎಂದುಕೊಂಡೆ. ಅಷ್ಟೇ.

ಟ್ರಂಕು ತೆರೆದ ದಿನವೇ ಮೊಮ್ಮಗಳಿಗೆ ಹೇಳಿ ಕೊಡಗಿನ ಆ ತೋಟದ ಮನೆಗೆ ಫೋನು ಮಾಡಿಸಿದೆ. ಅಡುಗೆಯಾಕೆ ಹೋದ ಮಳೆಗಾಲದಲ್ಲಿ ತೀರಿಕೊಂಡಳಂತೆ, ಎರಡೇ ದಿನದ ಜ್ವರ. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸುತ್ತಾರೆ. ಅವಳಿಗೆ ಯಾರು ಹೊದಿಸಿದರೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಖಣವನ್ನು ಎರಡು ದಿನ ಬಿಸಿಲಿಗೆ ಹಾಕಿದೆ, ವಾಸನೆ ಹೋಗಿಲ್ಲ. "ಯಾರಿಗರ ಕೊಟ್ಟ ಬಿಡೂಣೇನ್ರಿ, ಅತ್ತಿ?" ಎಂದು ಸೊಸೆ ಕೇಳಿದಳು. ಬೇಡವೆಂದು ಮತ್ತೆ ಟ್ರಂಕಿನ ತಳಕ್ಕೇ ಇಟ್ಟೆ. ನನ್ನ ಕೈ ತಾಗಿದರೆ ಅಡುಗೆಯಾಕೆಯ ಗಂಡನಿಗೆ ಕೆಡುಕೆಂದು ಹೆದರಿದ್ದೆ. ಗಂಡ ಗಟ್ಟಿಯಾಗಿದ್ದಾನಂತೆ, ಇನ್ನೂ ಜೀಪು ಓಡಿಸುತ್ತಾನಂತೆ. ಹೋದವಳು ಅವಳು, ಖಾಲಿ ಉಡಿಯಲ್ಲಿ.