ದೊಡ್ಡವ್ವ ಕಾಯ್ದ ಕುದುರೆ

ದೊಡ್ಡವ್ವನ ಬಲ ಮಣಿಕಟ್ಟಿನ ಸುತ್ತ ಬಳೆಯಂಥ ಒಂದು ಕಪ್ಪು ಗೆರೆ ಇತ್ತು. ಕುದುರೆಯ ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಚರ್ಮ ದಪ್ಪಗಾಗಿತ್ತು. ಮಲಗುವಾಗಲೂ ಹಗ್ಗದ ತುದಿಯನ್ನು ಆ ಕೈಗೇ ಸುತ್ತಿಕೊಳ್ಳುತ್ತಿದ್ದಳು. ಬಳೆಗಾರನ ಮುಂದೆ ಕೂತರೆ ಎಡಗೈ ಮಾತ್ರ ಚಾಚುವಳು. ಬಲಗೈ ಕೇಳಿದರೆ ಗೆರೆ ತೋರಿಸಿ, "ಈ ಕೈಗೆ ಅದಾವಪ್ಪ" ಎನ್ನುವಳು.

ಅವಳು ನಮ್ಮ ಅವ್ವನ ಅಕ್ಕ. ಕುರಿ ಹಿಂಡಿನ ಮನೆತನಕ್ಕೆ ಸೊಸೆಯಾಗಿ ಹೋದವಳು. ಸುಗ್ಗಿ ಮುಗಿದ ಮೇಲೆ ಅವರು ಕೂಡ್ಲಿಗಿ ಕಡೆಯಿಂದ ಹೊರಟು, ಕೊಟ್ಟೂರು, ಹರಪನಹಳ್ಳಿ ದಾಟಿ, ಹಡಗಲಿಯ ಹೊಳೆದಂಡೆಯವರೆಗೆ ಮೇಯಿಸುತ್ತಾ ಹೋಗುತ್ತಿದ್ದರು. ಗಂಡಸರು ಕುರಿಯ ಹಿಂದೆ, ದೊಡ್ಡವ್ವ ಕುದುರೆಯ ಮುಂದೆ. ಕುದುರೆಯ ಮೇಲೆ ಇಡೀ ಮನೆ: ಹಿಟ್ಟಿನ ಚೀಲ, ಪಾತ್ರೆ, ಕಂಬಳಿ, ಕುರಿ ಕೂಡಿಹಾಕುವ ಬಲೆ, ನಡೆಯಲಾಗದ ಎಳೆಮರಿ, ಒಂದೆರಡು ಕೋಳಿ. ನಾನು ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳಂತೆ. ದೊಡ್ಡವ್ವ ನನ್ನನ್ನೂ ಮರಿಗಳ ಜೊತೆ ಜೋಳಿಗೆಯಲ್ಲಿ ಹಾಕಿ ಕುದುರೆಗೆ ಕಟ್ಟಿಕೊಂಡು ಹೊರಟಳು. ನಾನು ಲೋಕವನ್ನು ಮೊದಲು ನೋಡಿದ್ದು ಕುದುರೆಯ ಬೆನ್ನಿನಿಂದ.

ಆದರೆ ಅವಳು ಒಂದು ದಿನವೂ ಅದರ ಮೇಲೆ ಕೂತವಳಲ್ಲ. ಅವಳ ಮಾವ ಯಾವುದೋ ಕಾಲದಲ್ಲಿ ಮೈಲಾರಲಿಂಗನಿಗೆ ಒಂದು ಹೆಣ್ಣು ಕುದುರೆ ಹರಕೆ ಬಿಟ್ಟಿದ್ದನಂತೆ. ಅದರ ಸಂತಾನವೆಲ್ಲ ದೇವರದೇ, ಮನೆಯವರು ಸಾಕುವವರಷ್ಟೇ. ಮೊಣಕಾಲು ಊದಿಕೊಂಡು ಕುಂಟುವಾಗ ದೊಡ್ಡಪ್ಪ, "ಕುಂಡ್ರಲೇ ಇವತ್ತೊಂದಿನ, ಯಾರು ನೋಡ್ತಾರ" ಅಂದಿದ್ದ.

"ಅಪ್ಪ ಕುಂಡ್ರೋ ಜಾಗದಾಗ ನಾನು ಕುಂಡ್ರಲೇನು? ಕೂಸುಗಳಾದ್ರ ಆತು, ಅವಕ್ಕ ತಪ್ಪಿಲ್ಲ" ಎಂದು ಗದರಿಸಿ ಕುಂಟುತ್ತಲೇ ನಡೆದಳು.

ಬೆಳಿಗ್ಗೆ ಹೇರು ಹೇರುವ ಮುಂಚೆ ಕುದುರೆಯ ಹಣೆಗೆ ದೇವರ ಅರಿಶಿನ, ಭಂಡಾರ ಹಚ್ಚಿ, ಮುಂಗಾಲು ಮುಟ್ಟಿ, "ಹೊರಸಾಕತ್ತೀನೋ ಯಪ್ಪಾ, ಸಿಟ್ಟಾಗಬ್ಯಾಡ" ಎನ್ನುತ್ತಿದ್ದಳು. ಅದು ಮೇವಿಗೆ ಬಾಯಿ ಹಾಕುವವರೆಗೆ ತಾನು ರೊಟ್ಟಿ ಮುರಿಯುತ್ತಿರಲಿಲ್ಲ. ಯಾರಾದರೂ ಹೇಗಿದ್ದೀಯವ್ವಾ ಎಂದರೆ ಒಂದೇ ಉತ್ತರ: "ಕಾಲು ಅದಾವ, ನಡೀತೀನಿ."

ಇಂಥವಳ ಮೇಲೆ ಪ್ರಾಣಿಹಿಂಸೆಯ ಕೇಸಾಯಿತು. ನಗಬೇಕೋ ಅಳಬೇಕೋ ನೀವೇ ಹೇಳಿ. ನನಗಂತೂ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ನಯವಾಗಿ ಬರೆಯಲು ಆಗುತ್ತಿಲ್ಲ.

ಹರಪನಹಳ್ಳಿ ದಾರಿಯಲ್ಲಿ ಕಾರು ನಿಲ್ಲಿಸಿದ ಯಾರೋ ಪುಣ್ಯಾತ್ಮರು ಹೇರು ಹೊತ್ತ ಕುದುರೆಯ ವಿಡಿಯೋ ತೆಗೆದು, ಹಿಂದೆ ಅಳುವ ಹಾಡು ಹಾಕಿ, ಮೂಕಪ್ರಾಣಿಯನ್ನು ಕಾಪಾಡಿ ಎಂದು ಊರಿಗೆಲ್ಲ ಹಂಚಿದರು. ಹಗ್ಗ ಹಿಡಿದ ಹೆಂಗಸು ಬರಿಗಾಲಲ್ಲಿ ಇದ್ದದ್ದು ಅದೇ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ಊರಿನ ಠಾಣೆಯವರು ಕುದುರೆಯನ್ನು ಹಿಡಿದು ಬೇವಿನ ಮರಕ್ಕೆ ಕಟ್ಟಿ ಹಾಕಿದರು. ಶಾಲೆಯಲ್ಲಿ ಪಾಠ ಹೇಳುವ ನನಗೆ ದೊಡ್ಡಪ್ಪನ ಫೋನು ಬಂತು. ರಜೆ ಹಾಕಿ ಓಡಿದೆ.

ಠಾಣೆಯ ಸಾಹೇಬರು ಬೇರೆ ಕಡೆಯಿಂದ ಬಂದ ಹುಡುಗ, ಒರಟನಲ್ಲ. ಕೂರಲು ಕುರ್ಚಿ ಕೊಟ್ಟರು. ದೊಡ್ಡವ್ವ ನೆಲಕ್ಕೆ ಕೂತಳು.

"ಅಮ್ಮಾ, ಪ್ರಾಣಿಹಿಂಸೆ ಕಾಯ್ದೆ ಗೊತ್ತಾ ನಿಮಗೆ?"

"ಕಾಯ್ದೆರಿ," ಅಂದಳು ದೊಡ್ಡವ್ವ. "ಮದಿವ್ಯಾಗಿ ಬಂದಾಗಿಂದ ಕಾಯ್ದೆ. ಕುರಿ ಕಾಯ್ದೆ, ಕುದುರಿ ಕಾಯ್ದೆ."

ಬಾಗಿಲಲ್ಲಿದ್ದ ಪೇದೆ ನಕ್ಕುಬಿಟ್ಟ. ನಾನು ನಡುವೆ ಬಾಯಿ ಹಾಕಿದೆ. "ಸಾರ್, ಅಲೆಮಾರಿ ಕುರಿಗಾರರಿಗೆ ರಕ್ಷಣೆ ಕೊಡೋದಕ್ಕೆ ನಮ್ಮ ರಾಜ್ಯದಲ್ಲೇ ಹೊಸ ಕಾಯ್ದೆ ಬಂದೈತಲ್ಲ."

"ಬಂದಿರಬಹುದು ಮೇಡಂ. ನಮಗಿನ್ನೂ ಆದೇಶ ಬಂದಿಲ್ಲ."

ಹಿಡಿಯುವ ಕಾಯ್ದೆ ವಿಡಿಯೋ ಬಂದ ದಿನವೇ ಬರುತ್ತದೆ. ಕಾಯುವ ಕಾಯ್ದೆಗೆ ಬೆಂಗಳೂರಿನಿಂದ ಬರಲು ಬಸ್ಸು ಸಿಕ್ಕಿರಲಿಲ್ಲವೇನೋ.

ಸಾಹೇಬರು ಪೆನ್ನು ತೆಗೆದರು. "ಕುದುರೆ ಯಾರದಮ್ಮಾ?"

"ಅಪ್ಪಂದುರಿ."

"ನಿಮ್ಮಪ್ಪನ ಹೆಸರು?"

"ಮೈಲಾರಲಿಂಗ."

"ಎಲ್ಲಿದ್ದಾರೆ? ಆಧಾರ್ ಕಾರ್ಡ್ ತಗೊಂಡು ಬರೋಕೆ ಹೇಳಿ."

"ಅವ ಬರಂಗಿಲ್ರಿ. ನಾವ ಹೋಗಬೇಕು."

ಪೇದೆ ನಗು ನುಂಗಿಕೊಂಡು, "ದೇವ್ರು ಸಾರ್" ಎಂದ. ಸಾಹೇಬರು ಪೆನ್ನು ಕೆಳಗಿಟ್ಟರು. ದೇವರನ್ನು ಮಾಲೀಕ ಎಂದು ಬರೆಯಲಾಗುವುದಿಲ್ಲ, ಮಾಲೀಕರಿಲ್ಲದಿದ್ದರೆ ಕುದುರೆ ಗೋಶಾಲೆಗೆ ಹೋಗುತ್ತದೆ, ನಂದು ಎಂದು ಒಂದು ಮಾತು ಹೇಳಿದರೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು ಎಂದು ಬಿಡಿಸಿ ಹೇಳಿದರು.

ನಾನು ಅವಳನ್ನು ಬೇವಿನ ಮರದ ಕೆಳಗೆ ಕರೆದೊಯ್ದೆ. ಕುದುರೆ ಅವಳ ಸೆರಗಿಗೆ ಮೂತಿ ಒರೆಸುತ್ತಿತ್ತು.

"ಒಂದ ಮಾತು ದೊಡ್ಡವ್ವ. ನಂದು ಅನ್ನು, ಸಾಕು."

"ನಂದಲ್ಲಲ್ಲವ್ವಾ."

"ಅನ್ನದಿದ್ರ ಒಯ್ತಾರ."

"ಅಂದ್ರೂ ಒಯ್ದಂಗ ಆತಲ್ಲವ್ವಾ. ಅಪ್ಪನ ಕಡೆಯಿಂದ ನಾನ ಒಯ್ದಂಗ."

ಒಳಗೆ ಬಂದು ಸಾಹೇಬರ ಮುಂದೆ ಕೈಮುಗಿದು ಅದನ್ನೇ ಹೇಳಿದಳು: "ನಂದಲ್ರಿ. ನಾನು ಬರೇ ಕಾಯ್ದೆ."

ಹುಟ್ಟಿದಾಗಿಂದ ಗಾಡಿ ಹತ್ತದ ಕುದುರೆಯನ್ನು ನಾಲ್ಕಾರು ಜನ ಸೇರಿ ಟೆಂಪೋಕ್ಕೆ ನೂಕಿದರು. ಹಲಗೆಯ ಮೇಲೆ ಹಿಂಗಾಲು ಜಾರಿ ತೊಡೆಯ ಚರ್ಮ ಕಿತ್ತು ರಕ್ತ ಬಂತು. ಹಿಂಸೆ ತಪ್ಪಿಸುವ ಕೆಲಸ ಹೀಗೆ ಸಾಂಗವಾಗಿ ಮುಗಿಯಿತು. ಅದರ ವಿಡಿಯೋ ಯಾರೂ ತೆಗೆಯಲಿಲ್ಲ.

ಗೋಶಾಲೆಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆಕಳಿಗೆ ಹಾಕಿದ್ದನ್ನೇ ಅದಕ್ಕೂ ಹಾಕಿದರು. ಮಳೆಗಾಲ ಬರುವ ಮೊದಲೇ ಹೊಟ್ಟೆನೋವು ಬಂದು ಒದ್ದಾಡಿ ಸತ್ತಿತಂತೆ. ನಾನು ಹೇಳಿದಾಗ ದೊಡ್ಡವ್ವ ಅಳಲಿಲ್ಲ. "ಮೈಲಾರಕ್ಕ ಹೋಗೂಣ" ಎಂದಳು.

ಹಬ್ಬವಿಲ್ಲ, ಜನವಿಲ್ಲ, ಗುಡಿ ಖಾಲಿಯಾಗಿತ್ತು. ಬಸ್ಸಿನಿಂದ ಇಳಿದು ಅಲ್ಲಿವರೆಗೂ ನನ್ನ ಭುಜ ಹಿಡಿದು ನಡೆದವಳು ಒಳಗೆ ಹೋಗಿ ಕೈಮುಗಿಯಲಿಲ್ಲ. ಬಲಗೈ ಚಾಚಿ, ಬರಿದಾದ ಮಣಿಕಟ್ಟನ್ನು ದೇವರಿಗೆ ತೋರಿಸಿದಳು.

"ಕಾಯ್ಲಿಲ್ಲೋ ಯಪ್ಪಾ. ನಿನ್ನ ಕುದುರಿ ನಾನು ಕಾಯ್ಲಿಲ್ಲ."

ಜನ್ಮವಿಡೀ ಕಾಯ್ದವಳು ತಪ್ಪೊಪ್ಪಿಕೊಂಡಳು. ವಿಡಿಯೋದವರಾಗಲಿ, ಟೆಂಪೋದವರಾಗಲಿ, ಕಾಯ್ದೆ ಬರೆದವರಾಗಲಿ ಈವರೆಗೆ ಒಪ್ಪಿಕೊಂಡಿಲ್ಲ. ಅವಳನ್ನು ಹಿಡಿದು ನಿಂತಿದ್ದ ನನಗೆ, ಆ ಕುದುರೆ ಸಂತಾನದ ಬೆನ್ನ ಮೇಲೆ ಕೂತು ಬದುಕಿದವಳು ನಾನು, ತಪ್ಪಿದ್ದರೆ ನನ್ನದೂ ಇರಲಿ ಎಂದು ದೇವರಿಗೆ ಹೇಳಲೂ ಬಾಯಿ ಬರಲಿಲ್ಲ.

ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ. ಯಾರು ಹೇಗಿದ್ದೀಯಾ ಎಂದರೂ ಕಾಲಿನ ಮಾತು ಎತ್ತುತ್ತಿರಲಿಲ್ಲ. ಮಲಗಿದಲ್ಲೇ ಹೋದಳು, ಬಲಗೈ ಮುಷ್ಟಿ ಬಿಗಿದಿತ್ತು.

ಮುತ್ತೈದೆ ಸಾವೆಂದು ಓಣಿಯ ಹೆಂಗಸರು ಹಸಿರು ಬಳೆ ತಂದರು. ಎಡಗೈಗೆ ಇಟ್ಟು ಬಲಗೈ ಹಿಡಿದಾಗ ನಾನು ತಡೆದೆ.

"ಮುತ್ತೈದಿ ಕೈ ಬರಿದ ಕಳಿಸ್ತಾರೇನವ್ವಾ?" ಎಂದು ಒಬ್ಬ ಮುದುಕಿ ಬೈದಳು.

ನಾನು ಆ ಗೆರೆಯ ಮೇಲೆ ಬೆರಳಿಟ್ಟು, "ಈ ಕೈಗೆ ಅದಾವಬೇ" ಎಂದೆ.